ಸರ್‌ನೇಮ್ ಇಲ್ಲದ ತಿಮ್ಮಪ್ಪನವರು

"ಅಂಕಲ್, ಕಂಪ್ಯೂಟರ್ ಮೇ ಆಪ್ ಹೈ ಹೀ ನಹೀ."

ಕಳೆದ ತಿಂಗಳು ಸರ್ಕಾರಿ ಕಚೇರಿಯೊಂದರ ಗುಮಾಸ್ತ ನಮ್ಮ ತಿಮ್ಮಪ್ಪನವರಿಗೆ ಹೇಳಿದ ಮಾತಿದು: ಕಂಪ್ಯೂಟರಿನಲ್ಲಿ ನೀವು ಇಲ್ಲವೇ ಇಲ್ಲ. ಮೂವತ್ತೈದು ವರ್ಷ ಕೇಂದ್ರ ಸರ್ಕಾರದ ಸೇವೆ ಮಾಡಿ ರಿಟೈರ್ ಆದವರು, ದೆಹಲಿಯ ಪೀತಮ್‌ಪುರದಲ್ಲಿ ನಮ್ಮ ಮೇಲಿನ ಮನೆಯವರು. ಹೆಂಡತಿ ಸಾವಿತ್ರಮ್ಮನವರ ಎರಡೂ ಕಣ್ಣಿಗೆ ಪೊರೆ. ಆಪರೇಷನ್ ಆಗಬೇಕಾದರೆ ರಿಟೈರ್ ಆದವರಿಗೆ ಸರ್ಕಾರ ಕೊಡುವ ಆಸ್ಪತ್ರೆಯ ಕಾರ್ಡ್ ಹೊಸದಾಗಬೇಕು. ಮೂರು ಸಲ ಹೋದರು. ಮೂರು ಸಲವೂ ಅವರು "ಇರಲಿಲ್ಲ". (ಎದುರಿಗೆ ನಿಂತ ಮನುಷ್ಯನಿಗಿಂತ ಸ್ಕ್ರೀನ್ ದೊಡ್ಡದು ತಾನೇ?)

ಭಾನುವಾರ ನನ್ನ ಬಳಿ ಬಂದರು. "ನೀನು ಕಂಪ್ಯೂಟರಿನವನಲ್ವೇನಪ್ಪ, ನಾನು ಎಲ್ಲಿ ಹೋದೆ ಅಂತ ಸ್ವಲ್ಪ ನೋಡ್ತೀಯಾ?"

ಆ ಕಚೇರಿಯವರು ಕೊಟ್ಟ ಚೀಟಿ ತಂದಿದ್ದರು, ನೋಡಿದ ಕೂಡಲೇ ಗುರುತು ಸಿಕ್ಕಿತು. ಅಲ್ಲಿನ ಕಂಪ್ಯೂಟರ್ ಪಟ್ಟಿ ಮಾಡಿಕೊಟ್ಟಿದ್ದು ನೋಯ್ಡಾದ ನಮ್ಮದೇ ಕಂಪನಿ. ಅದರಲ್ಲೂ ನಾನೇ.

ಅಲ್ಲಿ ಪ್ರತಿಯೊಬ್ಬರ ವಿವರವೂ ಎಕ್ಸ್‌ಎಂಎಲ್ ಕಡತದಲ್ಲಿದೆ. ಹೆಸರು, ಸರ್‌ನೇಮ್, ಹುದ್ದೆ, ಒಂದೊಂದಕ್ಕೂ ಒಂದೊಂದು ಟ್ಯಾಗ್. ಬೇಕಾದವರನ್ನು ಹೆಕ್ಕಿ ತರಲು ಎಕ್ಸ್‌ಕ್ವೆರಿ ಎಂಬ ಭಾಷೆಯಲ್ಲಿ ಕೇಳಬೇಕು. ನಾನು ಕೇಳಿದ್ದೆ, ಬಹಳ ಜಾಣತನದಿಂದ: ಸರ್‌ನೇಮ್ ಖಾಲಿ ಇದ್ದವರನ್ನು ಬಿಟ್ಟು ಉಳಿದವರನ್ನು ಕೊಡು. ಖಾಲಿ ಇರುವುದೆಲ್ಲ ಕಸ ಎಂದಿದ್ದರು ಮ್ಯಾನೇಜರ್. ನಾನು ತಲೆಯಾಡಿಸಿದ್ದೆ. (ನನ್ನ ಪಾಸ್‌ಪೋರ್ಟಿನಲ್ಲೇ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರಿದೆ. ವಿದೇಶಿ ಕ್ಲೈಂಟ್‌ಗಳು ಮೀಟಿಂಗಿಗೆ ಕರೆಯುವುದು ಅಪ್ಪನನ್ನೇ.)

ಸೋಮವಾರ ಹುಡುಕಿದೆ. ತಿಮ್ಮಪ್ಪನವರು ಅಲ್ಲೇ ಇದ್ದರು, ಹೆಂಡತಿ, ಹುದ್ದೆ, ವಿಳಾಸ ಸಮೇತ. ಸರ್‌ನೇಮ್ ಮಾತ್ರ ಇರಲಿಲ್ಲ. ಅವರ ಜೊತೆ ನೂರಾರು ಜನ, ಹೆಚ್ಚಿನವರು ನಮ್ಮ ದಕ್ಷಿಣದವರೇ. ಆ ಒಂದು ಸಾಲು ಅಳಿಸಿದೆ. ಎಲ್ಲರೂ ಬಂದರು.

ಸಂಜೆ ಮೇಲೆ ಹೋಗಿ ತಪ್ಪು ನನ್ನದೇ ಎಂದು ಒಪ್ಪಿಕೊಂಡೆ. ಸಾವಿತ್ರಮ್ಮ ಟೇಬಲ್ ತಡವಿ, ಲೋಟ ಹುಡುಕಿ, ನನಗೆ ಕಾಫಿ ಕೊಟ್ಟರು. ಆಮೇಲೆ ಮೆಲ್ಲಗೆ ಕೇಳಿದರು: "ಇವರು ಶರ್ಮಾನೋ ಗುಪ್ತಾನೋ ಆಗಿದ್ದಿದ್ರೆ ನಂಗೆ ಆಗಲೇ ಕಣ್ಣು ಕಾಣ್ತಿತ್ತಾ?"

ಲೋಟ ಕೆಳಗಿಟ್ಟು, ಕಾರ್ಡಿನ ಅರ್ಜಿಯನ್ನು ಅಲ್ಲೇ ಕೂತು ತುಂಬಿದೆ.

ಕಾರ್ಡ್ ಬಂತು. ಮೊನ್ನೆ ಒಂದು ಕಣ್ಣಿನ ಆಪರೇಷನ್ನೂ ಆಯಿತು. ಮ್ಯಾನೇಜರಿಗೆ ಮಾತ್ರ ಇನ್ನೂ ಆಶ್ಚರ್ಯ: ಇಷ್ಟು ದಿನ ಒಂದೇ ಒಂದು ಕಂಪ್ಲೇಂಟೂ ಬಂದಿರಲಿಲ್ಲವಲ್ಲ?

ಪಟ್ಟಿಯಲ್ಲಿ ಇಲ್ಲದವರ ದೂರನ್ನು ನಮ್ಮ ಸಿಸ್ಟಮ್ ತೆಗೆದುಕೊಳ್ಳುವುದೇ ಇಲ್ಲ ಎಂದು ಅವರಿಗೆ ಯಾರು ಹೇಳಬೇಕು?