ನಾಲ್ಕೂ ಬಾಹು ಸಮ

ತೊಂಬತ್ತರ ದಶಕದಲ್ಲಿ ಅರಕಲಗೂಡಿನ ನಮ್ಮ ಶಾಲೆಯಲ್ಲಿ ಒಂದು ಕೆಟ್ಟ ಪದ್ಧತಿಯಿತ್ತು. ಸರಿಯುತ್ತರ ಹೇಳಿದವರು ತಪ್ಪು ಹೇಳಿದವರ ಮೂಗು ಹಿಡಿದು ಕೆನ್ನೆಗೆ ಹೊಡೆಯಬೇಕು. ಮೆಲ್ಲಗೆ ಹೊಡೆದರೆ, ಹೊಡೆಯುವುದು ಹೇಗೆಂದು ಮೇಷ್ಟ್ರು ನಮ್ಮ ಕೆನ್ನೆಯ ಮೇಲೇ ತೋರಿಸಿಕೊಡುತ್ತಿದ್ದರು. ನಾನು ಓದಿನಲ್ಲಿ ಮುಂದು, ಜಂಭದಲ್ಲಿ ಇನ್ನೂ ಮುಂದು. ಹಾಗಾಗಿ ಹೊಡೆಸಿಕೊಂಡದ್ದಕ್ಕಿಂತ ಹೊಡೆದದ್ದೇ ಹೆಚ್ಚು.

ಏಳನೇ ಕ್ಲಾಸಿನಲ್ಲಿ ಬಹುಭುಜಗಳ ಪಾಠ. ಮೂರು ಬಾಹುವಿದ್ದರೆ ತ್ರಿಭುಜ, ಐದಿದ್ದರೆ ಪಂಚಭುಜ ಎಂದು ಎಲ್ಲರೂ ರಾಗವಾಗಿ ಒಪ್ಪಿಸಿದ ಮೇಲೆ ಮೇಷ್ಟ್ರು ನನ್ನ ಪಕ್ಕದವಳನ್ನು ಎಬ್ಬಿಸಿದರು.

"ಚತುರ್ಭುಜ. ನಾಲ್ಕೂ ಬಾಹು ಸಮ. ಏನದು?"

ಗಾರೆ ಕೆಲಸದವರ ಮಗಳು ಅವಳು, ನನ್ನ ಜೀವದ ಗೆಳತಿ. "ಅಷ್ಟಕ್ಕೇ ಇಂಥದ್ದೇ ಅಂತ ಏಳಕ್ಕಾಗಲ್ಲ ಸಾ. ಮೂಲೆ ನೋಡ್ಬೇಕು" ಎಂದಳು.

ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರು ನನ್ನತ್ತ ತಿರುಗಿದರು. "ವರ್ಗ ಸಾರ್" ಎಂದೆ. "ಹಾಕು" ಎಂದರು. ಹಾಕಿದೆ, ಖುಷಿಯಾಗಿಯೇ ಹಾಕಿದೆ. ಅವಳಿಗೆ ಮೂಗು ಚುಚ್ಚಿಸಿ ವಾರವೂ ಆಗಿರಲಿಲ್ಲ. ಬೆರಳಿಗೆ ರಕ್ತ ಅಂಟಿದಾಗಲೇ ನನಗದು ನೆನಪಾದದ್ದು. ಮಾರನೆಯ ದಿನದಿಂದ ಅವಳು ಶಾಲೆಗೆ ಬರಲಿಲ್ಲ.

ಆ ಭಾನುವಾರ ಅವಳಪ್ಪ ನಮ್ಮ ಹಿತ್ತಲಲ್ಲಿ ಬಚ್ಚಲುಮನೆಗೆ ಪಾಯ ಗುರುತು ಮಾಡಲು ಬಂದರು. ನಾಲ್ಕು ಗೂಟ ಹೊಡೆದು ದಾರ ಕಟ್ಟಿದರು. ನಾಲ್ಕೂ ಕಡೆ ಆರಾರು ಅಡಿ. ಆಮೇಲೆ ಮೂಲೆಗೆ ಕಬ್ಬಿಣದ ಮೂಲೆಮಟ್ಟ ಇಟ್ಟು ನೋಡಿ, ಒಂದು ಗೂಟ ಕೀಳತೊಡಗಿದರು.

"ಎಲ್ಲಾ ಕಡೆ ಒಂದೇ ಅಳತೆ ಇದೆಯಲ್ಲ, ಯಾಕೆ ಕೀಳ್ತೀರಿ?" ಎಂದೆ.

"ಅಳತೆ ಒಂದೇ ಇದ್ರೆ ಆಯ್ತಾ ಮಗಾ? ಮೂಲೆ ವಾರೆ ಆಗೈತೆ ನೋಡು. ಇಂಗೇ ಕಟ್ಟುದ್ರೆ ಗೋಡೆ ಸೊಟ್ಟ ಓಯ್ತದೆ."

ಬಾಹು ಸಮ, ಕೋನ ಬೇರೆ. ನಾವಿನ್ನೂ ಮುಟ್ಟದ ಮುಂದಿನ ಪುಟದ ವಜ್ರಾಕೃತಿ ನಮ್ಮ ಹಿತ್ತಲಲ್ಲಿ ಬಿದ್ದುಕೊಂಡಿತ್ತು. ಅವಳು ಹೇಳಿದ್ದೇ ಸರಿ. ಅಳುತ್ತಲೇ ಎಲ್ಲವನ್ನೂ ಅವರಿಗೆ ಹೇಳಿಬಿಟ್ಟೆ.

ಅವರ ಕೈಯಲ್ಲಿದ್ದ ದಾರ ಕೆಳಗೆ ಬಿತ್ತು. "ತಪ್ಪು ಏಳ್ದೆ, ಅದ್ಕೇ ಒಡುದ್ರು ಅಂದ್ಳು. ನಾನೂ ಎಲ್ಡು ಬುಟ್ಟೆ. ಓದಿದ್ದು ಸಾಕು ಅಂತ ಸ್ಕೂಲ್ ಬಿಡಿಸ್ದೆ. ಏನು ಕೇಳಿದ್ರು ಅಂತ ಒಂದ್ ಮಾತೂ ಕೇಳ್ನಿಲ್ಲ ಕಣವ್ವ."

ಕೆಲಸ ಅರ್ಧಕ್ಕೇ ಬಿಟ್ಟು ಸೈಕಲ್ ಹತ್ತಿ ಹೊರಟುಹೋದರು.

ಮರುದಿನ ಬೆಳಿಗ್ಗೆ ಮಗಳ ಕೈ ಹಿಡಿದುಕೊಂಡು ಕ್ಲಾಸಿನ ಬಾಗಿಲಲ್ಲಿ ನಿಂತಿದ್ದರು. "ಮೇಷ್ಟ್ರೇ, ಆ ಪ್ರಶ್ನೆ ಇನ್ನೊಂದ್ಸಲ ಕೇಳಿ" ಎಂದರು. ಮೇಷ್ಟ್ರು ಮುಖ ಸಿಂಡರಿಸಿಕೊಂಡೇ ಕೇಳಿದರು. ಈ ಸಲ ನಾನು ಹೊಡೆಸಿಕೊಳ್ಳಲು ತಯಾರಾಗಿ ಕೂತಿದ್ದೆ, ಒಂಥರಾ ಕಾಯುತ್ತಲೂ ಇದ್ದೆ.

ಅವಳು ಅಪ್ಪನನ್ನು ನೋಡಲಿಲ್ಲ, ಮೇಷ್ಟ್ರನ್ನೂ ನೋಡಲಿಲ್ಲ. ನನ್ನ ಕೈಯನ್ನೇ ನೋಡುತ್ತಾ, "ವರ್ಗ ಸಾ" ಎಂದಳು.