ಐದೂವರೆಗೆ ಕಣ್ಮುಚ್ಚುವ ನೀಲಿ ದೀಪ

ಬೆಳಗಿನ ಐದೂಕಾಲು. ಲೋಕದ ಕೋಳಿಗಳೆಲ್ಲ ಕೂಗಲೋ ಬೇಡವೋ ಎಂದು ಇನ್ನೂ ಮೀನಮೇಷ ಎಣಿಸುತ್ತಿರುವ ಹೊತ್ತು. ಎರಡನೇ ಮಹಡಿಯ ಮನೆಯೊಂದರಲ್ಲಿ, ಚರ್ಮ ಮತ್ತು ಅಂಟಿನ ವಾಸನೆ ಗೋಡೆಗೇ ಹತ್ತಿಕೊಂಡಿರುವ ಕೋಣೆಯಲ್ಲಿ, ಐವತ್ತಮೂರು ವರ್ಷದ ಹೆಂಗಸೊಬ್ಬರು ಮೋಟು ಸ್ಟೂಲಿನ ಮೇಲೆ ಕುಳಿತಿದ್ದಾರೆ. ಎದುರಿಗೆ ಕಂಪ್ಯೂಟರು. ಅದರ ಪಕ್ಕದಲ್ಲಿ ಇಟ್ಟಿಗೆಯಷ್ಟು ದಪ್ಪದ ಕಪ್ಪು ಡಬ್ಬಿ. ಡಬ್ಬಿಯ ಮೂತಿಯಲ್ಲಿ ಸಾಸಿವೆಯಷ್ಟು ನೀಲಿ ದೀಪ. ಇಲಿ ಬಿಲದ ಮುಂದೆ ಕೂತ ಬೆಕ್ಕಾದರೂ ನಡುವೆ ಒಮ್ಮೆ ಆಕಳಿಸುತ್ತದೆ. ಇವರು ರೆಪ್ಪೆ ಮಿಟುಕಿಸುವುದಕ್ಕೂ ಮುಹೂರ್ತ ನೋಡುವವರಂತೆ ಆ ದೀಪವನ್ನೇ ನೋಡುತ್ತಿದ್ದಾರೆ.

ಇವರೇ ಬ್ಯಾಕಪ್ ಅಕ್ಕ. ಅಪ್ಪ ಅಮ್ಮ ಇಟ್ಟ ಹೆಸರೊಂದು ಇದೆಯಂತೆ. ಅದನ್ನು ಕರೆದರೆ ಈಗ ಅವರೇ ತಿರುಗಿ ನೋಡುವುದಿಲ್ಲ. ಮನೆಮನೆಯ ಕಂಪ್ಯೂಟರಿನಲ್ಲಿರುವುದೆಲ್ಲ ದಿನಕ್ಕೊಮ್ಮೆ ತಂತಾನೇ ಇನ್ನೊಂದು ಡಿಸ್ಕಿಗೆ ಕಾಪಿಯಾಗಿ ಕೂರಬೇಕು, ಅದಕ್ಕೊಂದು ಹೊತ್ತು ಗೊತ್ತು ಮಾಡಿಡಬೇಕು. ಇಡುವವರು ಇಡುತ್ತಾರೆ, ಮರೆಯುತ್ತಾರೆ. ಗೊತ್ತು ಮಾಡಿದ ಹೊತ್ತಿಗೆ ಕಾಪಿ ಆಗದೆ ಹೋದರೆ ಅದು ಯಾರ ಕಿವಿಗೂ ಬೀಳುವುದಿಲ್ಲ. ಆಗದೆ ಹೋದ ಕಾಪಿಯ ಸದ್ದು ಕೇಳಿಸುವ ಕಿವಿ ಈ ಭೂಮಂಡಲದಲ್ಲಿ ಇರುವುದು ಒಂದೇ ಜೊತೆ, ಅದು ಈ ಸ್ಟೂಲಿನ ಮೇಲಿದೆ.

ಈ ಕೋಣೆಯ ಯಜಮಾನರು ಬೂಟು ಹೊಲಿಯುವವರು. ಅಂಗಡಿಯಲ್ಲಿ ಸಾಲಾಗಿ ನೇತಾಡುವ ಬೂಟಲ್ಲ. ಒಂದು ಕಾಲು ಗಿಡ್ಡ ಇದ್ದವರಿಗೆ, ಪಾದ ಒಳಕ್ಕೆ ತಿರುಗಿದವರಿಗೆ, ಅಪಘಾತದಲ್ಲಿ ಹಿಮ್ಮಡಿ ಕಳೆದುಕೊಂಡವರಿಗೆ ಅಳೆದು ಹೊಲಿಯುವ ಬೂಟು. ಇಪ್ಪತ್ತೆರಡು ವರ್ಷದಲ್ಲಿ ಸಾವಿರದ ನೂರ ನಲವತ್ತು ಜನರ ಪಾದಗಳ ನಕ್ಷೆ, ಅಳತೆ, ನಡಿಗೆಯ ಫೋಟೋ ಎಲ್ಲವೂ ಆ ಒಂದು ಕಂಪ್ಯೂಟರಿನಲ್ಲಿವೆ. ಅದೀಗ ಒಳಗಿನಿಂದ ಕಟ್‌ಕಟ್ ಎಂದು ಹಲ್ಲು ಕಡಿಯಲು ಶುರುಮಾಡಿದೆ. ಹೆದರಿ, ಕಾಪಿ ಕೂರಬೇಕಾದ ಡಿಸ್ಕು ಇರುವ ಕಪ್ಪು ಡಬ್ಬಿ ತೆರೆದು ನೋಡಿದರೆ ಕೊನೆಯ ಕಾಪಿ ಆಗಿ ಏಳು ತಿಂಗಳು.

ಬ್ಯಾಕಪ್ ಅಕ್ಕ ಬಂದ ದಿನ ಮೊದಲು ಮಾಡಿದ ಕೆಲಸ, ಯಾಕೆ ಹೀಗಾಯಿತು ಎಂದು ಕೇಳದೆ ಇದ್ದದ್ದು. ಬೆಂಕಿ ಬಿದ್ದ ಮನೆಯಲ್ಲಿ ಬೀಡಿ ಯಾರು ಸೇದಿದರು ಎಂದು ವಿಚಾರಣೆ ಮಾಡುವವರಲ್ಲ ಅವರು. ತಮ್ಮ ಚೀಲದಿಂದ ಒಂದು ಡಿಸ್ಕು ತೆಗೆದು ಕೈಯಿಂದಲೇ ಕಾಪಿಗೆ ಹಾಕಿದರು. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರ ತನಕ ಮನೆಯಲ್ಲಿ ಯಾರೂ ಜೋರಾಗಿ ಕೆಮ್ಮಲಿಲ್ಲ. ಕಂಪ್ಯೂಟರು ಕಟ್ ಎಂದಾಗಲೆಲ್ಲ ಬೂಟಿನ ಯಜಮಾನರಿಗೆ ಒಂದೊಂದು ಪಾದ ಹೋಯಿತೇನೋ ಎನಿಸುತ್ತಿತ್ತು. ಅವರ ಹೆಂಡತಿ ಬಾಗಿಲಲ್ಲಿ ನಿಂತು ಸೆರಗಿನ ತುದಿ ಹಿಂಡಿ ಹಿಂಡಿ ಹಗ್ಗ ಮಾಡಿಟ್ಟರು. ಮೂರು ಗಂಟೆಗೆ ಸಾವಿರದ ನೂರ ನಲವತ್ತು ಜನರೂ, ಅಂದರೆ ಎರಡು ಸಾವಿರದ ಇನ್ನೂರ ಎಂಬತ್ತು ಪಾದಗಳು, ಸುಖವಾಗಿ ಆಚೆ ದಡ ಸೇರಿದವು. ಅಷ್ಟು ಪಾದಗಳನ್ನು ಒಂದೇ ಸಲ ಹೊಳೆ ದಾಟಿಸಿದ ಅಂಬಿಗ ಚರಿತ್ರೆಯಲ್ಲಿ ಇನ್ನೊಬ್ಬನಿಲ್ಲ.

“ಇವತ್ತಿಂದು ಉಳೀತು,” ಎಂದರು ಅಕ್ಕ. “ನಾಳೆ ನೀವು ಹೊಸ ಅಳತೆ ತಗೋತೀರಲ್ಲ, ಅದು? ದಿನಾ ನಾನು ಬಂದು ಕೂರೋಕಾಗಲ್ಲ. ಅದು ತಾನಾಗೇ ಯಾಕೆ ಆಗ್ತಿಲ್ಲ ಅಂತ ನೋಡ್ಬೇಕು. ಮಷೀನನ್ನ ಅಲ್ಲ, ಮನೇನ.”

ಇದು ಅವರ ಕೆಲಸದ ಮೊದಲ ಸೂತ್ರ. ಕಂಪ್ಯೂಟರಿನಲ್ಲಿ ದೋಷ ಹುಡುಕುವ ಮೊದಲು, ಕಾಪಿ ತಪ್ಪುವ ಅದೇ ಗಳಿಗೆಯಲ್ಲಿ ಅದೇ ಕೋಣೆಯಲ್ಲಿ ಕೂತು ಕಣ್ಣಾರೆ ನೋಡಬೇಕು. ಈ ಮನೆಯಲ್ಲಿ ಗೊತ್ತಾದ ಹೊತ್ತು ಬೆಳಗಿನ ಐದೂವರೆ. ಯಜಮಾನರು ಐದಕ್ಕೆ ಎದ್ದು ಕಂಪ್ಯೂಟರು ಹಾಕಿ ಸ್ನಾನಕ್ಕೆ ಹೋಗುತ್ತಾರೆ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಕಾಪಿ ಮುಗಿದಿರಲಿ ಎಂಬ ಲೆಕ್ಕ. ದಾಖಲೆ ತೆಗೆದು ನೋಡಿದರೆ ಏಳು ತಿಂಗಳಿನಿಂದ ದಿನವೂ ಐದೂವರೆಗೆ ಒಂದೇ ಮಾತು: ಡಿಸ್ಕು ಕಾಣುತ್ತಿಲ್ಲ. ಹಗಲಿನಲ್ಲಿ ನೋಡಿದರೆ ಡಿಸ್ಕು ಹೊಸ ಅಳಿಯನ ಹಾಗೆ ಜಾಗದಲ್ಲೇ ಕೂತಿದೆ, ದೀಪ ಉರಿಯುತ್ತಿದೆ, ಕೈಯಿಂದ ಹಾಕಿದ ಕಾಪಿ ಸರಾಗವಾಗಿ ಆಗುತ್ತಿದೆ.

ಯಜಮಾನರ ಬಾಮೈದ ಇದಕ್ಕೆ ವೈರಸ್ಸೇ ಕಾರಣವೆಂದು ತೀರ್ಪು ಕೊಟ್ಟು ಮೂರು ಸಲ ವೈರು ಬದಲಾಯಿಸಿದ್ದಾನೆ, ಎರಡು ಸಲ ಕಾಪಿ ಮಾಡುವ ಕಾರ್ಯಕ್ರಮವನ್ನೇ ಅಳಿಸಿ ಹೊಸದಾಗಿ ಹಾಕಿದ್ದಾನೆ. ಕುಣಿಯಲಾರದವನಿಗೆ ನೆಲ ಡೊಂಕು. ಅಕ್ಕ ಅವನನ್ನು ಮಾತನಾಡಿಸಲಿಲ್ಲ, ಮನೆಯವರನ್ನು ಒಂದೇ ಪ್ರಶ್ನೆ ಕೇಳಿದರು: ಏಳು ತಿಂಗಳ ಹಿಂದೆ ಈ ಮನೆಯಲ್ಲಿ ಏನಾಯಿತು? ಏನೂ ಆಗಿಲ್ಲ ಎಂದರು ಎಲ್ಲರೂ. ಏನೂ ಆಗದ ಮನೆ ಜಗತ್ತಿನಲ್ಲೇ ಇಲ್ಲ ಎಂಬುದು ಅಕ್ಕನಿಗೆ ಗೊತ್ತು. ಅದಕ್ಕೇ ಮರುದಿನ ಈ ಸ್ಟೂಲು, ಈ ಐದೂಕಾಲು. ನಾನಿಲ್ಲ ಅಂದ್ಕೊಳ್ಳಿ, ದಿನಾ ಹೇಗೋ ಹಾಗೇ ಇರಿ ಎಂದು ಎಲ್ಲರಿಗೂ ತಾಕೀತು ಮಾಡಿದ್ದಾರೆ.

ಕೂತ ಹೊತ್ತಿನಲ್ಲಿ ಅವರ ಹಿನ್ನೆಲೆ ಹೇಳಿಬಿಡಬಹುದು. ಅಕ್ಕ ಹತ್ತೊಂಬತ್ತು ವರ್ಷ ಒಂದು ಕಚೇರಿಯ ರೆಕಾರ್ಡ್ ರೂಮಿನಲ್ಲಿದ್ದವರು. ಕಿಟಕಿಯಿಲ್ಲದ ಕೋಣೆ, ಚಾವಣಿಯವರೆಗೆ ಫೈಲು. ಅಲ್ಲಿನ ಧೂಳನ್ನು ಕೂಡಿಟ್ಟಿದ್ದರೆ ಇಷ್ಟು ಹೊತ್ತಿಗೆ ಒಂದು ಬೆಟ್ಟವಾಗಿ ಜನ ಹತ್ತಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಲ್ಲಿಯ ಮೇಲಧಿಕಾರಿಯದು ಒಂದೇ ನಿಯಮ: ಕೇಳಿದ ಐದು ನಿಮಿಷದಲ್ಲಿ ಮೇಜಿನ ಮೇಲೆ ಬಾರದ ಫೈಲು ಇದ್ದರೂ ಇಲ್ಲದಂತೆಯೇ. ಆಮೇಲೆ ಫೈಲುಗಳೆಲ್ಲ ಕಂಪ್ಯೂಟರಿಗೆ ಹೋದವು, ಅಕ್ಕ ಮನೆಗೆ ಬಂದರು. ಆರು ತಿಂಗಳು ಮೂಗಿನ ಮೇಲೆ ಕನ್ನಡಕ ಏರಿಸಿ ಕಂಪ್ಯೂಟರು ಕಲಿತರು. ಕಲಿತ ವಿದ್ಯೆಯನ್ನು ಮೊದಲು ಪ್ರಯೋಗಿಸಿದ್ದು ಸ್ವಂತ ಅಪ್ಪನ ಮೇಲೆ.

ಅಪ್ಪನಿಗೆ ಮಳೆ ಅಳೆಯುವ ಹುಚ್ಚು. ಮಹಡಿಯ ಮೇಲೊಂದು ಡಬ್ಬ ಇಟ್ಟು, ಮೂವತ್ತೊಂದು ವರ್ಷ ಒಂದು ದಿನವೂ ತಪ್ಪದೆ ಎಷ್ಟು ಬಿತ್ತೆಂದು ಬರೆದವರು. ಮಗಳೇ ಕೂತು ಅಷ್ಟನ್ನೂ ಕಂಪ್ಯೂಟರಿಗೆ ಏರಿಸಿದರು. ಇನ್ನೇಕೆ ಈ ಕಸ ಎಂದು ಹಳೆಯ ನೋಟ್‌ಬುಕ್ಕುಗಳನ್ನು ರದ್ದಿಗೆ ಹಾಕಿಸಿದ್ದೂ ಅವರೇ. ದಿನಾ ತಂತಾನೇ ಕಾಪಿ ಆಗುವಂತೆ ಮಾಡಿಟ್ಟರು. ಹನ್ನೊಂದು ತಿಂಗಳು ದಿನವೂ ತೆರೆಯ ಮೇಲೆ ಹಸಿರು ಟಿಕ್ಕು ಬಂತು. ಒಂದು ದಿನ ಕಂಪ್ಯೂಟರು ಸತ್ತಿತು. ಕಾಪಿ ತೆರೆದರೆ ಒಳಗಿದ್ದದ್ದು ಬರೀ ಶಾರ್ಟ್‌ಕಟ್ಟುಗಳು. ತೆರೆಯ ಮೇಲಿನ ಚಿತ್ರ ಒತ್ತಿದರೆ ಫೈಲು ತೆರೆಯುತ್ತದಲ್ಲ, ಆ ಚಿತ್ರಗಳಷ್ಟೇ. ಫೈಲು ಬೇರೆ ಕಡೆ ಇತ್ತು, ಕಂಪ್ಯೂಟರಿನ ಜೊತೆಗೇ ಹೋಯಿತು. ಹನ್ನೊಂದು ತಿಂಗಳು ಅವರು ಬಂಗಾರ ಬಿಟ್ಟು ಬೀರುವಿನ ಫೋಟೋಕ್ಕೆ ಬೀಗ ಹಾಕಿದ್ದರು.

“ಮೂರು ದಿನ ಅಪ್ಪನ ಮುಖ ನೋಡಿಲ್ಲ ನಾನು,” ಎನ್ನುತ್ತಾರೆ ಅಕ್ಕ. “ನಾಲ್ಕನೇ ದಿನ ಅವರೇ ಬಂದ್ರು. ಬಿಡು ಮಗಳೇ, ಬೀಳೋ ಮಳೆ ಬಿದ್ದಾಯ್ತು, ಬರೆದಿದ್ದು ಹೋದ್ರೆ ಮಳೆ ವಾಪಸ್ ಹೋಗುತ್ತಾ ಅಂದ್ರು. ಅವರು ಬೈದಿದ್ರೆ ನಾನು ಈ ಕೆಲಸ ಮಾಡ್ತಿರ್ಲಿಲ್ಲ.”

ಅಲ್ಲಿಂದ ಒಂಬತ್ತು ವರ್ಷ, ಆರುನೂರ ನಲವತ್ತು ಮನೆ. ಹೋದ ಮನೆಗೇ ಮತ್ತೆ ಮತ್ತೆ ಹೋಗುವುದೂ ಸೇರಿ ದಿನಕ್ಕೆ ನಾಲ್ಕು ಮನೆ, ಹತ್ತಿಪ್ಪತ್ತು ಮಹಡಿ ಮೆಟ್ಟಿಲ ಸಾಲು, ಬೇಡವೆಂದರೂ ಆರು ಲೋಟ ಟೀ. ಹತ್ತಿದ ಮೆಟ್ಟಿಲುಗಳನ್ನು ಒಂದರ ಮೇಲೊಂದು ಜೋಡಿಸಿದರೆ ಚಂದ್ರನ ಮನೆಯ ಕಂಪ್ಯೂಟರನ್ನೂ ನೋಡಿ ಬರಬಹುದಿತ್ತು. ಮಂಡಿ ನೋವು ಇದೆ; ಕೇಳಿದರೆ ಅದಕ್ಕೂ ಒಂದು ಕಾಪಿ ಇಟ್ಟಿದ್ದೀನಿ, ಎರಡು ಮಂಡೀಲೂ ಇದೆ ಎನ್ನುತ್ತಾರೆ. ಬಾಗಿಲು ತೆರೆದವರು ಇವರ ಹಿಂದೆ ಇಣುಕಿ, ಕಂಪ್ಯೂಟರಿನವರು ಎಲ್ಲಿ ಎಂದು ಕೇಳುವುದು ಇಂದಿಗೂ ನಿಂತಿಲ್ಲ. ಒಬ್ಬರು ಹಾಗೆ ಮೂರು ಸಲ ಇಣುಕಿದಾಗ, “ಅವರು ಬರಲ್ಲ ಸ್ವಾಮಿ, ನಾನೇ ಅವರ ಕಾಪಿ,” ಎಂದು ಒಳಗೆ ನಡೆದುಬಿಟ್ಟರಂತೆ.

ಅವರ ಚೀಲದಲ್ಲಿ ನೀಲಿ ರಟ್ಟಿನ ದಪ್ಪ ನೋಟ್‌ಬುಕ್ಕೊಂದಿದೆ. ಒಂದೊಂದು ಮನೆಗೆ ಒಂದೊಂದು ಪುಟ, ಅದರಲ್ಲಿ ಕಾಪಿ ತಪ್ಪಿದ ಕಾರಣ. ಇನ್ನೂರಕ್ಕೂ ಹೆಚ್ಚು ಮನೆಗಳಲ್ಲಿ ಆ ಹೊತ್ತಿಗೆ ಕಂಪ್ಯೂಟರು ಆರಿರುತ್ತಿತ್ತು ಇಲ್ಲವೇ ನಿದ್ದೆಗೆ ಜಾರಿರುತ್ತಿತ್ತು. ಪಾಸ್‌ವರ್ಡ್ ಬದಲಾಯಿಸಿದವರು ಅದನ್ನು ಕಾಪಿ ಮಾಡುವ ಕಾರ್ಯಕ್ರಮಕ್ಕೆ ತಿಳಿಸಲು ಮರೆತದ್ದು ತೊಂಬತ್ತು ಚಿಲ್ಲರೆ. ಡಿಸ್ಕು ತುಂಬಿ ತುಳುಕಿದ್ದು ಬೇಕಾದಷ್ಟು. ಒಂದು ಮನೆಯಲ್ಲಿ ಮಾತ್ರ ಗಿಣಿ ವೈರು ಕಡಿದು ತಿಂದು, ಕೇಳಿದ್ದಕ್ಕೆ ನಮಸ್ಕಾರ ಎಂದಿತ್ತು.

“ಹಸಿರು ಟಿಕ್ ಅಂದ್ರೆ ಅತ್ತೆ ನಕ್ಕ ಹಾಗೆ,” ಎಂಬುದು ಅವರ ಎರಡನೇ ಸೂತ್ರ. “ಸಂತೋಷಪಡಿ, ಆದ್ರೆ ಒಳಗೇನಿದೆ ಅಂತ ನೋಡ್ಲೇಬೇಕು. ಇಟ್ಟಿದ್ದರಲ್ಲಿ ಒಂದನ್ನ ವಾಪಸ್ ತೆಗೆದು ತೋರಿಸೋ ತನಕ ನಾನು ಅದನ್ನ ಕಾಪಿ ಅನ್ನಲ್ಲ.”

ಗಡಿಯಾರದಲ್ಲೀಗ ಐದು ಇಪ್ಪತ್ತಾರು. ಬಚ್ಚಲಿನಲ್ಲಿ ಯಜಮಾನರು ನೀರು ಸುರಿದುಕೊಳ್ಳುವ ಸದ್ದು. ಕೋಣೆಯ ಬಾಗಿಲು ತಳ್ಳಿಕೊಂಡು ಅವರ ಹೆಂಡತಿ ಬರುತ್ತಾರೆ, ಕೈಯಲ್ಲಿ ನೀರು ಕಾಯಿಸುವ ಕೆಟಲ್. ಅಕ್ಕನನ್ನು ನೋಡಿ ನಗುತ್ತಾರೆ. ಬಗ್ಗಿ, ಗೋಡೆಯ ಪ್ಲಗ್‌ನಿಂದ ಕಪ್ಪು ಡಬ್ಬಿಯ ವೈರನ್ನು ಮಲಗಿದ ಮಗುವಿನ ಕೈಯಿಂದ ಆಟಿಕೆ ಬಿಡಿಸುವಷ್ಟು ಮೆಲ್ಲಗೆ ಕಿತ್ತು, ಅಲ್ಲಿ ಕೆಟಲ್ ಚುಚ್ಚುತ್ತಾರೆ. ನೀಲಿ ದೀಪ ಕಣ್ಮುಚ್ಚುತ್ತದೆ.

“ಅತ್ತೆಗೆ ಟೀ ಇಡ್ತಿದ್ದೀನಿ ಅಕ್ಕ. ನಿಮಗೂ ಒಂದು ಲೋಟ?”

“ಇಡಿ. ಸಕ್ಕರೆ ಕಡಿಮೆ,” ಎನ್ನುತ್ತಾರೆ ಅಕ್ಕ.

ಐದೂವರೆಗೆ ತೆರೆಯ ಮೇಲೆ ಕೆಂಪು ಚೌಕವೊಂದು ಮೂಡುತ್ತದೆ: ಡಿಸ್ಕು ಕಾಣುತ್ತಿಲ್ಲ. ಕೆಟಲ್ ಕುದಿಯುತ್ತದೆ. ಕುದಿದ ಮೇಲೆ ಅದನ್ನು ಕಿತ್ತು, ಡಬ್ಬಿಯ ವೈರನ್ನು ಇದ್ದಂತೆಯೇ ಚುಚ್ಚಿ, ಮೇಲಿನ ಧೂಳನ್ನೂ ಸೆರಗಿನಿಂದ ಒರೆಸಿ ಆ ತಾಯಿ ಒಳಗೆ ಹೋಗುತ್ತಾರೆ. ತಲೆ ಒರೆಸಿಕೊಳ್ಳುತ್ತ ಬಂದ ಯಜಮಾನರು ಕೆಂಪು ಚೌಕವನ್ನು ಒತ್ತಿ ಮುಚ್ಚುತ್ತಾರೆ. ಅದೇನೆಂದು ಅಕ್ಕ ಕೇಳಿದರೆ, ದಿನಾ ಬರುತ್ತೆ, ಏನೋ ಜಾಹೀರಾತು ಎಂಬ ಉತ್ತರ.

ಏಳು ತಿಂಗಳ ಹಿಂದೆ ಆದದ್ದು ಇಷ್ಟೇ: ಅಡುಗೆಮನೆಯ ಪ್ಲಗ್ ಸುಟ್ಟುಹೋಯಿತು. ಎಲೆಕ್ಟ್ರಿಷಿಯನ್ ನಾಳೆ ಬರುತ್ತೇನೆ ಎಂದ, ಆ ನಾಳೆ ಇನ್ನೂ ದಾರಿಯಲ್ಲಿದೆ. ತೆಗೆದ ವಸ್ತುವನ್ನು ತೆಗೆದಲ್ಲೇ ಇಡುವ ಅಚ್ಚುಕಟ್ಟಿನ ಹೆಂಗಸಾದ್ದರಿಂದ ಗುಟ್ಟು ಇಷ್ಟು ದಿನ ಉಳಿಯಿತು. ಸೋಮಾರಿಯಾಗಿ ಹಾಗೇ ಬಿಟ್ಟಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು.

ಅಕ್ಕ ಟೀ ಕುಡಿದು ಮುಗಿಸುವ ತನಕ ಬಾಯಿ ಬಿಡುವುದಿಲ್ಲ. ಮುಗಿಸಿ, ಕಂಡದ್ದನ್ನು ಕಂಡಂತೆ ಹೇಳುತ್ತಾರೆ. ಬಾಮೈದ ವೈರಸ್ಸಿನ ಮಾತನ್ನು ನುಂಗಿಕೊಳ್ಳುತ್ತಾನೆ. ಹೆಂಡತಿಯ ಕಣ್ಣು ತುಂಬುತ್ತದೆ. ಯಜಮಾನರು ಇನ್ನುಮುಂದೆ ಆರು ಗಂಟೆಗೆ ಮೊದಲು ಟೀ ಇಲ್ಲ ಎಂದು ಕಟ್ಟಾಜ್ಞೆ ಹೊರಡಿಸಲು ಬಾಯಿ ತೆರೆಯುತ್ತಾರೆ. ಅಕ್ಕ ಕೈ ಅಡ್ಡ ಹಿಡಿಯುತ್ತಾರೆ.

“ವಯಸ್ಸಾದವರ ಟೀ ಹೊತ್ತು ಬದಲಾಯಿಸೋಕೆ ಯಾರಿಂದ ಆಗುತ್ತೆ? ಮಷೀನಿನ ಹೊತ್ತು ಬದಲಾಯ್ಸೋಣ, ಅದೇನು ಮುನಿಸ್ಕೊಳ್ಳಲ್ಲ. ಮತ್ತೆ ನೀವು ಅಳಬೇಡಿ. ನೀವು ಪ್ಲಗ್ ಕಿತ್ರಿ, ಇವರು ಏಳು ತಿಂಗಳು ದಿನಾ ಓದದೆ ಮುಚ್ಚಿದ್ರು. ಸರಿಸಮ.”

ಕಾಪಿಯ ಹೊತ್ತು ಬೆಳಿಗ್ಗೆ ಹನ್ನೊಂದಕ್ಕೆ ಬದಲಾಗುತ್ತದೆ. ತಪ್ಪಿದರೆ ಕಂಪ್ಯೂಟರು ಡಿಸ್ಕು ಸಿಕ್ಕ ಕೂಡಲೇ ಮತ್ತೆ ಪ್ರಯತ್ನಿಸುವಂತೆ ಅಕ್ಕ ಒಂದು ಗುರುತು ಹಾಕುತ್ತಾರೆ. ಡಬ್ಬಿಯ ವೈರಿಗೆ ಕೆಂಪು ದಾರ ಕಟ್ಟುತ್ತಾರೆ. ಆಮೇಲೆ ಕಾಪಿಯಿಂದ ಒಂದು ಫೈಲು ವಾಪಸ್ ತೆಗೆಯುವುದನ್ನು ಕಲಿಸುತ್ತಾರೆ, ಯಜಮಾನರಿಗಲ್ಲ, ಹೆಂಡತಿಗೆ. ಇಟ್ಟದ್ದನ್ನು ಇಟ್ಟಲ್ಲೇ ಇಡುವ ಕೈಗೆ ಇದೂ ಒಲಿಯುತ್ತದೆ ಎಂಬುದು ಅವರ ಲೆಕ್ಕ. ಕಂಪ್ಯೂಟರಿನೊಳಗೆ ಹಲ್ಲು ಕಡಿಯುವ ಹಳೆಯ ಡಿಸ್ಕನ್ನು ಬೇಗ ಬದಲಾಯಿಸಿ ಎಂದರೆ ಯಜಮಾನರು, ಅಂಚೆಯಣ್ಣನ ಬೂಟು ಮುಗಿಯಲಿ ಎನ್ನುತ್ತಾರೆ.

ಅಂಚೆಯಣ್ಣ ಈ ಬೀದಿಗಳ ಪೋಸ್ಟ್‌ಮ್ಯಾನ್. ಎಡಗಾಲು ಒಂದೂಕಾಲು ಅಂಗುಲ ಗಿಡ್ಡ. ಹಳೆಯ ಬೂಟು ಸವೆದು ಸೊಂಟ ಹಿಡಿದು ಎರಡು ತಿಂಗಳಿನಿಂದ ಕಚೇರಿಯಲ್ಲಿ ಕೂತು ಮುದ್ರೆ ಒತ್ತುತ್ತಿದ್ದಾರೆ. ಮುಂದಿನ ಶನಿವಾರ ಬೂಟು ಸಿಕ್ಕರೆ ಸೋಮವಾರದಿಂದ ಮತ್ತೆ ಬೀದಿಗೆ. ಇಲ್ಲವಾದರೆ ಆ ಬೀದಿಗಳು ಬೇರೆಯವರ ಪಾಲು. ಆ ಶನಿವಾರಕ್ಕೆ ಮುಂಚಿನ ಸೋಮವಾರ ಒಂಬತ್ತಕ್ಕೆ ಅವರು ಕೊನೆಯ ಅಳತೆ ಕೊಟ್ಟು ಹೋದರು. ಮೂರು ವಾರ ತಾತ್ಕಾಲಿಕ ಅಟ್ಟೆಯ ಮೇಲೆ ನಡೆದು ನಡೆದು ಸಿಕ್ಕ ಅಳತೆ. ಹನ್ನೊಂದಕ್ಕೆ ಕಪ್ಪು ಡಬ್ಬಿ ತನ್ನ ಪಾಡಿಗೆ ತಾನು ಗುಯ್‌ಗುಟ್ಟಿತು. ಮಂಗಳವಾರ ಬೆಳಿಗ್ಗೆ ಕಂಪ್ಯೂಟರು ಕೊನೆಯ ಸಲ ಕಟ್ ಎಂದು ಕಣ್ಮುಚ್ಚಿತು.

ಇದ್ಯಾವುದೂ ಬ್ಯಾಕಪ್ ಅಕ್ಕನಿಗೆ ಗೊತ್ತಿಲ್ಲ. ಮೂರು ವಾರದ ಮೇಲೆ ಅವರ ಮನೆಗೆ ಪತ್ರ ಕೊಡಲು ಅಂಚೆಯಣ್ಣ ನಡೆದು ಬರುತ್ತಾರೆ, ಎರಡು ಹೆಜ್ಜೆಯೂ ಒಂದೇ ಸದ್ದು. ಹೊಸ ಬೂಟಿನ ಕಥೆ, ನಡುವೆ ಕಂಪ್ಯೂಟರು ಸತ್ತದ್ದೂ ಸೇರಿ, ಅವರೇ ಹೇಳುತ್ತಾರೆ. ಅಕ್ಕ ಚಪ್ಪಲಿ ಮೆಟ್ಟಿಕೊಂಡು ನೇರ ಬೂಟಿನ ಮನೆಯ ಎರಡನೇ ಮಹಡಿಗೆ ಹತ್ತುತ್ತಾರೆ. ಕಂಪ್ಯೂಟರು ಸತ್ತದ್ದು ನನಗೇಕೆ ತಿಳಿಸಲಿಲ್ಲ ಎಂದು ಕೇಳಿದರೆ, ಬೂಟಿನ ಯಜಮಾನರು ಸೂಜಿಯಿಂದ ತಲೆ ಎತ್ತದೆ ಹೇಳುತ್ತಾರೆ: “ತಿಳಿಸೋಕೇನಿತ್ತು ಅಕ್ಕ? ಅದು ಕೆಡ್ತು, ಇವಳು ತಮ್ಮನ ಲ್ಯಾಪ್‌ಟಾಪಿಗೆ ಡಬ್ಬಿ ಹಾಕಿ ಅಳತೆ ತೆಗೆದುಕೊಟ್ಲು, ನಾನು ಹೊಲಿದೆ.”

ಮೆಟ್ಟಿಲಿಳಿದು ಮನೆಗೆ ಬಂದ ಅಕ್ಕ ನೀಲಿ ನೋಟ್‌ಬುಕ್ಕು ತೆರೆಯುತ್ತಾರೆ. ಪಕ್ಕದಲ್ಲಿ ಎಂಬತ್ತೆರಡರ ಅಪ್ಪ, ಹೊಸದಾಗಿ ಶುರುಮಾಡಿ ಒಂಬತ್ತು ವರ್ಷವಾದ ಮಳೆಯ ಲೆಕ್ಕದಲ್ಲಿ ಇವತ್ತಿನ ಸಾಲು ತುಂಬುತ್ತಿದ್ದಾರೆ. ಬೂಟಿನ ಮನೆಯ ಪುಟದಲ್ಲಿ ‘ಟೀ’ ಎಂಬ ಕಾರಣದ ಕೆಳಗೆ ಅಕ್ಕ ಒಂದೇ ಪದ ಬರೆಯುತ್ತಾರೆ: ಕರೆಯಲಿಲ್ಲ. ಆರುನೂರ ನಲವತ್ತು ಪುಟಗಳಲ್ಲಿ ಆ ಪದ ಇರುವ ಪುಟ ಇದೂ ಸೇರಿ ಇಪ್ಪತ್ತು.

“ಯಾರಾದ್ರೂ ನಿಮ್ಮ ಕೆಲಸ ತೋರಿಸಿ ಅಂದ್ರೆ,” ಎನ್ನುತ್ತಾರೆ ಬ್ಯಾಕಪ್ ಅಕ್ಕ, “ಈ ಇಪ್ಪತ್ತು ಪುಟ ತೋರಿಸ್ತೀನಿ.”