ಒರೆಸುತ್ತಿದ್ದ ಕೈ

ಗೌರಿಬಿದನೂರಿನ ಆಸ್ಪತ್ರೆಯೊಂದರಲ್ಲಿ, ತಿಂಗಳು ತುಂಬುವ ಮೊದಲೇ ಹುಟ್ಟಿದ ನನ್ನ ಮಗಳು ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದಳು. ಅಲ್ಲಿನ ನರ್ಸಮ್ಮ ಜಂಗಮಕೋಟೆಯ ಕಡೆಯವರು. ಪೆಟ್ಟಿಗೆಯ ಬಾಗಿಲು, ವೈರು, ಮೆಷಿನ್ನಿನ ಗುಂಡಿಗಳನ್ನು ಅವರು ಒರೆಸುತ್ತಲೇ ಇರುವುದು ಹೆರಿಗೆಯ ಸುಸ್ತಿನ ಮಂಪರಿನಲ್ಲಿದ್ದ ನನಗೆ ಕನಸಿನಂತೆ ಕಾಣುತ್ತಿತ್ತು. ಯಾರು ಒಳಗೆ ಬಂದರೂ, “ಕೈ ತೊಳ್ಕೊಂಡ್ ಬಾಪ್ಪ” ಎನ್ನುತ್ತಿದ್ದರು.

ಪಕ್ಕದ ಪೆಟ್ಟಿಗೆಯ ಮಗುವಿಗೆ ಸೋಂಕು ತಗುಲಿದ ಮಧ್ಯಾಹ್ನ ಅವರು ಎಲ್ಲವನ್ನೂ ಮತ್ತೆ ಮೊದಲಿನಿಂದ ಒರೆಸಿದರು.

“ನಮ್ಮನೇಲಿ ರೇಷ್ಮೆಹುಳಕ್ಕೂ ಹಿಂಗೇ ಕಣಮ್ಮ. ಒಂದಕ್ಕೆ ರೋಗ ಬಂದ್ರೆ ತಟ್ಟೇಲಿರೋ ಹುಳ ಪೂರ್ತಿ ಹೋಗ್ಬಿಡುತ್ತೆ” ಎಂದರು. 

ನನ್ನ ಮಗಳಿಗೆ ಏನೂ ಆಗಲಿಲ್ಲ. ಆ ಮಗುವೂ ನಿಧಾನವಾಗಿ ಚೇತರಿಸಿಕೊಂಡಿತು. ಮನೆಗೆ ಹೊರಟ ದಿನ ಅದರ ತಾಯಿ ಮಗುವನ್ನು ನರ್ಸಮ್ಮನ ಮಡಿಲಲ್ಲಿಟ್ಟಳು. ಅದು ಅವರ ಬೆರಳು ಹಿಡಿದು ನಿದ್ದೆಹೋಯಿತು. ಅವರೂ ಕುಳಿತಲ್ಲೇ ನಿದ್ದೆಗೆ ಜಾರಿದರು. ಸ್ವಲ್ಪ ಹೊತ್ತು ಯಾರೂ ಅವರನ್ನು ಕರೆಯಲಿಲ್ಲ.